ನೆತ್ತಿಯ ಮೇಲಿನ ಕೆಂಪು ಬಣ್ಣ

2025ರ ನವೆಂಬರ್ 12, ಬುಧವಾರ, ಬೆಳಿಗ್ಗೆ 10.20. ಪಾವಗಡ ತಾಲ್ಲೂಕಿನ ಆಂಧ್ರ ಗಡಿಯಲ್ಲಿರುವ ರಂಗಪ್ಪಣ್ಣನ ಕುರಿ ರೊಪ್ಪಕ್ಕೆ ಲಸಿಕೆ ಪೆಟ್ಟಿಗೆ ಹಿಡಿದು ಹೋದೆ. ಕುರಿಗಳನ್ನು ಜ್ವರ, ಭೇದಿಯಿಂದ ಕೊಲ್ಲುವ ಪಿಪಿಆರ್ ರೋಗಕ್ಕೆ ಲಸಿಕೆ ಹಾಕುವುದು ನನ್ನ ಕೆಲಸ. ಒಂದೇ ಕುರಿಗೆ ಎರಡು ಸಲ ಚುಚ್ಚಬಾರದೆಂದು, ಹಾಕಿದ ಕುರಿಯ ನೆತ್ತಿಗೆ ಕೆಂಪು ಬಣ್ಣ ಬಳಿಯುತ್ತೇವೆ. ಅಂದು 140 ಕುರಿಗಳಲ್ಲಿ 44ರ ನೆತ್ತಿ ಆಗಲೇ ಕೆಂಪಾಗಿತ್ತು. ಅವನ್ನು ಬಿಟ್ಟು 96ಕ್ಕೆ ಹಾಕಿದೆ. ಡೈರಿಯಲ್ಲಿ ಲೆಕ್ಕ ಸರಿಹೋಯಿತು.

ನವೆಂಬರ್ 27ರ ಬೆಳಿಗ್ಗೆ ರಂಗಪ್ಪಣ್ಣನ ಫೋನ್ ಬಂತು. "ಬಿರ್‍ನೆ ಬಾರವ್ವ, ಕುರಿ ಮೂಗೆಲ್ಲ ಸೋರ್ತಾವೆ, ಮೇವೇ ಮುಟ್ತಿಲ್ಲ."

ಡಾಕ್ಟರನ್ನು ಕರೆದುಕೊಂಡು ಓಡಿದೆ. ಅವರು ನೋಡಿ ಪಿಪಿಆರ್ ಎಂದರು. ಮಲಗಿದ್ದವೆಲ್ಲ ಆ 44ರೊಳಗಿನವೇ.

"ಇವಕ್ಕೆ ಮೊದಲೇ ಲಸಿಕೆ ಆಗಿತ್ತಲ್ಲಣ್ಣ?" ಎಂದೆ.

"ಎಲ್ಲಾಗಿತ್ತು? ಆಂಧ್ರದ ಸಂತೇಲಿ ತಂದವು ಕಣವ್ವ. ಆಚೆಯೋರು ಹುಳದ ಔಷ್ದಿ ಕುಡ್ಸಿದ್ರೆ ಕೆಂಪು ಬಳೀತಾರೆ. ಸೂಜಿ ಹಾಕಿದ್ರೆ ನೀಲಿ."

"ಅವತ್ತೇ ಹೇಳಬಾರದಿತ್ತಾ?"

"ನೀ ಎಲ್ಲಿ ಕೇಳ್ದೆ? ತಲೆ ಬಗ್ಸಿ ಬರ್ಕೊಂತಿದ್ದೆ."

ಅದೇ ದಿನ 11.30ಕ್ಕೆ, ಗಡಿಭಾಗದಲ್ಲಿ ಲಸಿಕೆ ಹಾಕುವವಳಾಗಿ, ನಾನು ಒಂದು ಆನ್‌ಲೈನ್ ಸಭೆಯಲ್ಲಿ ಎರಡು ನಿಮಿಷ ಮಾತಾಡಬೇಕಿತ್ತು. ಗಡಿ ದಾಟುವ ಪ್ರಾಣಿರೋಗಗಳನ್ನು ನೆರೆಯ ದೇಶಗಳು ಸೇರಿ ತಡೆಯುವ ಬಗ್ಗೆ ಚರ್ಚೆ. ಐದು ದೇಶಗಳ ಪಶುವೈದ್ಯರಿದ್ದರು. ಡಾಕ್ಟರು ಕುರಿಗಳಿಗೆ ಚಿಕಿತ್ಸೆ ಕೊಡುತ್ತಿರುವಾಗ ರೊಪ್ಪದ ಮಗ್ಗುಲಲ್ಲೇ ಕೂತು ಫೋನ್ ತೆರೆದೆ. ಸ್ವಾಗತಕ್ಕೇ 35 ನಿಮಿಷ ಹೋಯಿತು. ನನ್ನ ಸರದಿ ಬಂದಾಗ ಬರೆದುಕೊಂಡದ್ದನ್ನು ಬಿಟ್ಟು, ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದೆ: "ಲಸಿಕೆ ಹಾಕಿದ ಕುರಿಗೆ ನಿಮ್ಮಲ್ಲಿ ಯಾವ ಬಣ್ಣ ಬಳಿಯುತ್ತೀರಿ?"

ಒಬ್ಬರು ಹಸಿರು ಎಂದರು, ಒಬ್ಬರು ನೇರಳೆ. ಇನ್ನೊಬ್ಬರು ಜಿಲ್ಲೆಗೊಂದು ಎಂದರು. ಪಕ್ಕದಲ್ಲಿದ್ದ ರಂಗಪ್ಪಣ್ಣನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ಏನವ್ವ, ಇವ್ರೆಲ್ಲ ಓಕುಳಿ ಆಡಾಕೆ ಸೇರವ್ರಾ?" ಎಂದರು.

ಎಲ್ಲರೂ ಒಂದೇ ಬಣ್ಣ ಇಟ್ಟುಕೊಳ್ಳಬಹುದಲ್ಲ ಎಂದು ಸಭೆಗೆ ಹೇಳಿದೆ. "ಬಹಳ ಒಳ್ಳೆಯ ಸಲಹೆ. ಉಪಸಮಿತಿ ರಚಿಸಿ ಪರಿಶೀಲಿಸೋಣ," ಎಂದರು ಅಧ್ಯಕ್ಷರು. ಎರಡು ನಿಮಿಷ ಮುಗಿಯಿತು.

ಆ 44ರಲ್ಲಿ 19 ಸತ್ತವು. ಸಭೆಯ ವರದಿ ಆಮೇಲೆ ಬಂತು, 14 ಪುಟ. ಎರಡು ಸಲ ಓದಿದೆ. ಬಣ್ಣದ ಮಾತೇ ಇಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ. ಈಗ ಡೈರಿ ತೆರೆಯುವ ಮೊದಲು ಕುರಿ ಸಾಕಿದವರನ್ನು ಕೇಳುತ್ತೇನೆ. ಆದರೆ ಗಡಿಯಾಚೆಯವರನ್ನು ಯಾರ ಮೂಲಕ ಕೇಳಬೇಕೆಂದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಾದರೂ ಎರಡು ಕಡೆಯವರು ಒಂದೇ ಬಣ್ಣಕ್ಕೆ ಒಪ್ಪಿದ್ದುಂಟೇ? ಮೊದಲು ಯಾರು ಯಾರನ್ನು ಮಾತಾಡಿಸಿದರು? ಬಲ್ಲವರು ದಯವಿಟ್ಟು ಬರೆದು ತಿಳಿಸಿ.