ಕರಿನಾಗರಕ್ಕೆ ಕೊಟ್ಟ ಮಾತು

ನನ್ನ ಸೋದರಮಾವ ಸಾಲಕ್ ಹಾವು ಹಿಡಿಯುತ್ತಿದ್ದ. ಹಿಡಿಯುತ್ತಿದ್ದ ಎನ್ನುವುದಕ್ಕಿಂತ ಕರೆಯುತ್ತಿದ್ದ ಎನ್ನಬೇಕು. ಮರುಭೂಮಿಯಂಚಿನ ಗುಲ್ಮೀಮ್ ಪಟ್ಟಣದಾಚೆ ನಮ್ಮ ಒಣಹೊಳೆಯ ದಂಡೆಯಲ್ಲಿ, ಬಿಲದ ಮುಂದೆ ಮೊಣಕಾಲೂರಿ ಪೀರನ ಹೆಸರು ಹೇಳುವನು. "ಬಾ ತಾಯಿ, ಒಂದು ಚಳಿಗಾಲ ನಮ್ಮ ಜೊತೆ ಇರು. ಬಾರ್ಲಿ ಕುಯ್ಯೋ ಹೊತ್ತಿಗೆ ಇದೇ ಬಿಲಕ್ಕೆ ತಂದು ಬಿಡ್ತೀನಿ." ಹೀಗೆ ಪ್ರಮಾಣ ಮಾಡಿದ ಮೇಲೆಯೇ ಕೈ ಹಾಕುವುದು. ಹಾವು ನಗರದ ಚೌಕದಲ್ಲಿ ಆಡಿ, ಸುಗ್ಗಿಗೆ ತನ್ನ ಮನೆಗೆ ಮರಳುತ್ತಿತ್ತು.

ಮಾವನ ಹರೆಯದಲ್ಲಿ ಆ ದಂಡೆಯಲ್ಲಿ ಹನ್ನೊಂದು ಬಗೆಯ ಹಾವುಗಳಿದ್ದವಂತೆ. ಬೆಳಿಗ್ಗೆ ಮರಳಿನ ಗೆರೆ ನೋಡಿಯೇ ಹೇಳುತ್ತಿದ್ದ: ಅಡ್ಡಡ್ಡ ಹೋಗಿದ್ದರೆ ಕೊಂಬಿನ ಮಂಡಲ, ನಡುವೆಯೇ ಮುಳುಗಿದ್ದರೆ ಮಣ್ಣುಮುಕ್ಕ. ಆಮೇಲೆ ಹಾವುಗಳನ್ನು ರಾಶಿಗಟ್ಟಲೆ ಹಿಡಿದು ಮಾರುವ ಲಾರಿಯವರು ಬಂದರು. ಅವರಿಗೆ ಪೀರನೂ ಇಲ್ಲ, ಪ್ರಮಾಣವೂ ಇಲ್ಲ. ಕಲ್ಲು ಮಗುಚಿ, ಬಿಲ ಅಗೆದು, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದರು. ನಾಲ್ಕು ವರ್ಷ ಕರಿನಾಗರದ ಗೆರೆಯೇ ಕಾಣಲಿಲ್ಲ. ಇಲಿಗಳು ನಮ್ಮ ಬಾರ್ಲಿಯನ್ನು ಹಾಡಹಗಲೇ ತಿಂದವು.

ಹೋದ ವರ್ಷ ಚಳಿ ಶುರುವಾಗುವ ಮೊದಲು ಮಾವನಿಗೆ ಒಂದು ಹೆಣ್ಣು ಕರಿನಾಗರ ಕಂಡಿತು. ನಾನು ಜಗಳವಾಡಿದೆ.

"ಇರೋದೊಂದು. ಅಲ್ಲೇ ಬಿಟ್ಬಿಡು ಮಾವ."

"ನಾನು ಬಿಟ್ರೆ ಲಾರಿಯವರು ಬಿಡ್ತಾರೇನೇ? ಬೂಷ್ತಾ ಹತ್ರ ಭದ್ರವಾಗಿರತ್ತೆ. ಅವನೂ ಪೀರನ ಹೆಸರು ಹೇಳೋನೇ."

ಬೂಷ್ತಾ ಎಂದರೆ ಚೌಕದಲ್ಲಿ ಹಾವು ಆಡಿಸುವವನು, ಮಾವನದೇ ಪಂಥದವನು. ಪೀರನ ಹೆಸರೆತ್ತಿದರೆ ಸಾಕು, ಮಾವ ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುತ್ತಿದ್ದ. ನನಗೆ ಅವನ ಆ ಗುಣದ ಮೇಲೆ ಇಂದಿಗೂ ಕೋಪವಿದೆ.

ಎಂದಿನಂತೆ ಪ್ರಮಾಣ ಮಾಡಿ ಹಾವನ್ನು ಹಿಡಿದು ಬೂಷ್ತಾನಿಗೆ ಒಪ್ಪಿಸಿದ. ಸುಗ್ಗಿಗೆ ಮಾವನೇ ನಗರಕ್ಕೆ ಹೋಗಿ, ಮುಚ್ಚಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಮಾರನೆಯ ಬೆಳಿಗ್ಗೆ ಇಬ್ಬರೂ ದಂಡೆಗೆ ಹೋದೆವು. ಮುಚ್ಚಳ ತೆಗೆದರೆ ಹಾವು ಹೆಡೆ ಎತ್ತಲಿಲ್ಲ. ಬಗ್ಗಿ ನೋಡಿದೆ. ಬಾಯಿಯನ್ನು ಕಪ್ಪು ದಾರದಿಂದ ಹೊಲಿದಿದ್ದರು. ಪ್ರವಾಸಿಗರ ಕೊರಳಿಗೆ ಹಾಕಿ ಫೋಟೊ ತೆಗೆಸಲು ಅಷ್ಟು ಮಾಡಿದ್ದರು.

ಮಾವ ಚಾಕುವಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದ. ಒಳಗೆ ಬಾಯಿ ಕೊಳೆತು, ಕೆಳದವಡೆ ಜೋತುಬಿದ್ದಿತ್ತು. ಕಚ್ಚುವ, ನುಂಗುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಒಂದು ಮೊಳ ತೆವಳಿ, ಬಿಲದ ಬಾಯಲ್ಲೇ ನಿಂತುಬಿಟ್ಟಿತು. ಗಾಯಕ್ಕೆ ಇರುವೆಗಳು ಮುತ್ತತೊಡಗಿದವು. ಬಿಸಿಲು ನೆತ್ತಿಗೇರುವವರೆಗೂ ನಾವು ಅಲ್ಲೇ ಕೂತಿದ್ದೆವು. ನನಗೆ ತಡೆಯಲಾಗದೆ ಅಳು ಬಂತು.

ಮಾವ ನನ್ನ ಮುಖ ನೋಡದೆ ಹೇಳಿದ: "ಪ್ರಮಾಣ ಮಾಡಿದ ಕೈಯಲ್ಲಿ ಕೊಲ್ಲೋ ಹಾಗಿಲ್ಲ, ಯಾಮ್ನಾ. ನೀನು ಪ್ರಮಾಣ ಮಾಡಿಲ್ವಲ್ಲ."

ಬೇಡವೆನ್ನಬೇಕಿತ್ತು. ಹಾವಿನ ಕಡೆ ನೋಡಿದೆ, ಬೇಡವೆನ್ನಲು ಆಗಲಿಲ್ಲ. ದೊಡ್ಡದೊಂದು ಕಲ್ಲು ಹುಡುಕಿ ತಂದೆ. ಮಾವ ಆ ಕಡೆ ತಿರುಗಿ ಪೀರನ ಹೆಸರು ಹೇಳುತ್ತಿದ್ದ.

ಆಮೇಲೆ ನಮ್ಮ ಹೊಳೆಯಲ್ಲಿ ಕರಿನಾಗರವನ್ನು ಯಾರೂ ಕಂಡಿಲ್ಲ. ಸಾಲಕ್ ಹಾವಿಗೆ ಕೊಟ್ಟ ಮಾತನ್ನೂ ತಪ್ಪದವನು ಎಂದು ಊರಿನವರು ಈಗಲೂ ಹೊಗಳುತ್ತಾರೆ. ನಿಜ, ಅವನು ತಪ್ಪಲಿಲ್ಲ. ಕೊಂದವಳು ನಾನು.