ಅಲ್ಪಮತದ ಐರಿನ್ ಟೀಚರ್

ಐರಿನ್ ಟೀಚರ್ ಕೂತುಕೊಂಡು ವಾದ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಭಾನುವಾರದ ಊಟದ ಮೇಜಿನಲ್ಲಿ ಮಾತು ಅಮೆರಿಕದ ರಾಜಕೀಯಕ್ಕೆ ತಿರುಗಿತೆಂದರೆ, ಕೈಯಲ್ಲಿದ್ದ ಸಾನ್ನ ಎಂಬ ಮೆತ್ತನೆಯ ಇಡ್ಲಿಯನ್ನು ತಟ್ಟೆಯಲ್ಲಿಟ್ಟು, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಿದ್ದರು. ಐದಡಿಯೂ ಇಲ್ಲದ ಜೀವ. ನಿಂತರೂ ಕೂತ ಗಂಡಸರಿಗಿಂತ ಅಷ್ಟೇನೂ ಎತ್ತರ ಕಾಣುತ್ತಿರಲಿಲ್ಲ. "ಕೂತು ಹೇಳಿದ್ರೆ ಅದು ಹರಟೆ ಆಗ್ತದೆ ಮಾರಾಯ್ತಿ," ಎಂದು ನನಗೊಮ್ಮೆ ಹೇಳಿದ್ದರು. "ನಿಂತು ಹೇಳಿದ್ರೆ ಆ ಮಾತಿಗೆ ನಾನು ಜವಾಬ್ದಾರಿ."

ಮಂಗಳೂರಿನ ಕಡೆಯವರು. ಮದುವೆಯಾಗಿ ನೈರೋಬಿಗೆ ಬಂದು, ಇಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಚರಿತ್ರೆ, ಪೌರನೀತಿ ಪಾಠ ಮಾಡಿ, ತೊಂಬತ್ತರ ದಶಕದಲ್ಲಿ ನಿವೃತ್ತರಾದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಾನು ಮೈಸೂರಿನಿಂದ ಬಂದು ಅಪ್ಪರ್ ಹಿಲ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಕಾಂಪೌಂಡಿನ ಗೇಟಿನ ಹತ್ತಿರ ಅಮ್ಮನ ಜತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ, "ಕನ್ನಡವಾ? ಹಾಗಾದ್ರೆ ಭಾನುವಾರ ಊಟಕ್ಕೆ ಬಾ," ಎಂದರು. ಕೇಳಿದ್ದಲ್ಲ, ಅಪ್ಪಣೆ ಕೊಟ್ಟದ್ದು. ಹೋದೆ. ಆಮೇಲೆ ಭಾನುವಾರ ಬೇರೆಲ್ಲಿಗೂ ಹೋಗಲಿಲ್ಲ.

ಅಮೆರಿಕದ ಎರಡು ದೊಡ್ಡ ಪಕ್ಷಗಳ ಗುರುತು ಆನೆ ಮತ್ತು ಕತ್ತೆ. ಟೀಚರ್ ಪಕ್ಷಗಳನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅವರು ಆನೆಯವರು. ನೈರೋಬಿಯಲ್ಲಿ ನನಗೆ ಗೊತ್ತಿದ್ದ ಉಳಿದವರೆಲ್ಲ ಕತ್ತೆಯವರು. ಟೀಚರ್ ಎದುರಾಳಿ ಪ್ರಭಾಕರ್ ಸರ್, ನಮ್ಮ ಮೈಸೂರಿನವರೇ, ನಮ್ಮ ಕಾಂಪೌಂಡಿನಲ್ಲೇ ಮನೆ, ಇಲ್ಲಿ ಅರ್ಥಶಾಸ್ತ್ರದ ಲೆಕ್ಚರರ್, ಕತ್ತೆಯ ಕಟ್ಟಾಳು. ತಮಗೆ ಮತದ ಹಕ್ಕಿಲ್ಲದ ದೇಶಕ್ಕಾಗಿ ಇಬ್ಬರೂ ಜಗಳವಾಡುವುದನ್ನು ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು.

"ನಿಮಗ್ಯಾಕೆ ಟೀಚರ್ ಅಮೆರಿಕದ ಉಸಾಬರಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಪಾತ್ರೆ ಒರೆಸುತ್ತಿದ್ದವರು ತಿರುಗಿದರು. "ಇಲ್ಲಿ ಒಂದೇ ಪಕ್ಷ ಇದ್ದ ಕಾಲ ಉಂಟಲ್ಲ, ಆಗ ನಾನು ಪೌರನೀತಿ ಟೀಚರ್. ಈ ದೇಶದ ಸರ್ಕಾರದ ಬಗ್ಗೆ ಕ್ಲಾಸಲ್ಲಿ ಬಾಯಿಬಿಟ್ರೆ ಮನೆಗೆ ಪೊಲೀಸರು. ಅಮೆರಿಕದ ಬಗ್ಗೆ ಮಾತಾಡಿದ್ರೆ ಯಾರು ಕೇಳ್ತಾರೆ? ಹುಡುಗಿಯರನ್ನು ಆನೆ, ಕತ್ತೆ ಅಂತ ಎರಡು ಭಾಗ ಮಾಡ್ತಿದ್ದೆ. ವಾದ ಮಾಡಿ ಅಂತಿದ್ದೆ. ಯಾವ ಕಡೆ ಜನ ಕಮ್ಮಿಯೋ ನಾನು ಆ ಕಡೆ. ಆನೆಯ ಕಡೆ ಯಾವಾಗ್ಲೂ ಕಮ್ಮಿ. ಎಷ್ಟೋ ವರ್ಷ ಆ ಕಡೆ ನಿಂತು ನಿಂತು ಆಮೇಲೆ ನಿಜವಾಗ್ಲೂ ನಂಬಿಕೆ ಬಂತು. ಸರ್ಕಾರ ಅನ್ನೋದು ಮನೆಯ ಹೊಸ್ತಿಲ ಆಚೆಯೇ ನಿಲ್ಲಬೇಕು ಅಂತ."

ಇರಾಕಿನ ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮತ್ತೆ ಚುನಾವಣೆ ಬಂದಾಗ ಆ ಮೇಜು ಮುರಿಯುವುದರಲ್ಲಿತ್ತು. "ಪ್ರಜಾಪ್ರಭುತ್ವ ಕೊಡ್ತೀವಿ ಅಂತ ಬಾಂಬ್ ಹಾಕ್ತಾರಲ್ಲ ಟೀಚರ್, ಅದೇನು ಪಾರ್ಸಲ್ಲಾ ಕಳಿಸೋಕೆ?" ಎಂದರು ಪ್ರಭಾಕರ್ ಸರ್.

ಟೀಚರ್ ಎದ್ದು ನಿಂತರು. "ಯುದ್ಧ ತಪ್ಪು ಪ್ರೊಫೆಸರೇ. ಅದನ್ನು ನಾನು ನಿಮಗಿಂತ ಮೊದಲೇ ಹೇಳಿದ್ದೇನೆ. ನಮ್ಮ ಪಕ್ಷದವರು ತಪ್ಪು ಮಾಡಿದ್ರೆ ಬೈಲಿಕ್ಕೆ ನಮಗೇ ಮೊದಲ ಹಕ್ಕು. ಹಾಗಂತ ಪಕ್ಷ ಬಿಟ್ಟು ಓಡುದಿಲ್ಲ."

"ಹಾಗಾದ್ರೆ ನಿಮ್ಮ ಕೈಗೂ ರಕ್ತ ಅಂಟಿದೆ!" ಎಂದುಬಿಟ್ಟರು ಪ್ರಭಾಕರ್ ಸರ್. ಅವರು ಅರ್ಧ ಊಟದಲ್ಲಿ ಎದ್ದು ಕೈ ತೊಳೆದು ಹೊರಟೇಹೋದರು.

ಮುಂದಿನ ಭಾನುವಾರ ಅವರ ಕುರ್ಚಿ ಖಾಲಿ. ಸಾನ್ನ, ಸಸ್ಯಾಹಾರಿಯಾದ ಅವರಿಗೆಂದೇ ಬೇರೆ ಮಾಡುತ್ತಿದ್ದ ಕಡಲೆ ಗಸಿ, ಎರಡನ್ನೂ ಟೀಚರ್ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು. "ಇದು ಊಟ, ಪ್ರಣಾಳಿಕೆ ಅಲ್ಲ ಅಂತ ಹೇಳು." ನಾನು ಹಾಗೆಯೇ ಹೇಳಿದೆ. ಡಬ್ಬಿಯನ್ನು ಅವರೇ ತೊಳೆದು, ಮರುದಿನ ಸಂಜೆ ತಂದುಕೊಟ್ಟರು. ಕ್ಷಮೆ ಕೇಳಲಿಲ್ಲ, ಬಾಗಿಲಲ್ಲೇ ಹೊಸದೊಂದು ವಾದ ತೆಗೆದರು. ಟೀಚರ್ ಮುಖ ಅರಳಿದ್ದನ್ನು ಅವತ್ತು ನೋಡಬೇಕಿತ್ತು.

ಎರಡು ಸಾವಿರದ ಏಳರ ಕೊನೆಯಲ್ಲಿ ಕೆನ್ಯಾದ ಚುನಾವಣೆ. ಟೀಚರ್ ಈ ದೇಶದ ಪೌರರು. ಬಿಸಿಲಲ್ಲಿ ಸಾಲು ನಿಂತು ಮತ ಹಾಕಿ ಬಂದು, ಬೆರಳಿನ ಮಸಿಯನ್ನು ನನಗೆ ತೋರಿಸಿದ್ದರು. ಕೆಲವೇ ದಿನಗಳಲ್ಲಿ ಫಲಿತಾಂಶದ ಮೇಲೆ ಜಗಳ ಎದ್ದು, ಊರು ಸಮುದಾಯಗಳ ಲೆಕ್ಕದಲ್ಲಿ ಒಡೆಯಿತು. ಮಟಾಟು ಎಂಬ ಬಾಡಿಗೆ ವ್ಯಾನುಗಳು ನಿಂತವು, ಅಂಗಡಿಗಳು ಮುಚ್ಚಿದವು, ದೂರದಲ್ಲಿ ಹೊಗೆ ಕಾಣುತ್ತಿತ್ತು. ನಮ್ಮ ಗೇಟಿನ ಕಾವಲುಗಾರ ಒಟಿಯೆನೊ. ಅವನ ಸಮುದಾಯದವರನ್ನು ಹುಡುಕುತ್ತಾ ಗುಂಪುಗಳು ತಿರುಗುತ್ತಿವೆ ಎಂಬ ಸುದ್ದಿ ಬಂತು. ಕಾಂಪೌಂಡಿನ ನಿವಾಸಿಗಳ ಸಂಘ ಸಭೆ ಕರೆಯಿತು. ಅವನು ಇಲ್ಲಿದ್ದರೆ ಗುಂಪು ನಮ್ಮ ಗೇಟಿಗೂ ಬರುತ್ತದೆ, ಸಂಬಳ ಕೊಟ್ಟು ಕಳಿಸಿಬಿಡೋಣ ಎಂದರು ಅಧ್ಯಕ್ಷರು. ತಲೆಗಳು ಅಲ್ಲಾಡಿದವು.

ಟೀಚರ್ ಎದ್ದರು. "ಕಳಿಸುದು ಎಲ್ಲಿಗೆ? ರಸ್ತೆಗೆ ಅಲ್ವಾ?"

"ಮತಕ್ಕೆ ಹಾಕೋಣ ಮಾಮಾ," ಎಂದರು ಅಧ್ಯಕ್ಷರು. ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುವುದು. "ಪ್ರಜಾಪ್ರಭುತ್ವ ಅಂದ್ರೆ ಅದೇ ತಾನೆ?"

"ಗೇಟಿಗೆ ಯಾವ ಬಣ್ಣ ಅಂತ ಮತಕ್ಕೆ ಹಾಕಿ, ಸೋತ್ರೆ ಒಪ್ತೇನೆ. ಒಬ್ಬ ಮನುಷ್ಯ ಬದುಕಬೇಕಾ ಬೇಡವಾ ಅಂತ ಕೈ ಎತ್ತಿ ತೀರ್ಮಾನ ಮಾಡ್ಲಿಕ್ಕಿಲ್ಲ."

ಆದರೂ ಮತಕ್ಕೆ ಹಾಕಿದರು. ಒಟಿಯೆನೊ ಉಳಿಯಲಿ ಎಂದು ಟೀಚರ್ ಕೈ ಎತ್ತಿದರು, ನಾನು ಎತ್ತಿದೆ. ಆಚೆ ಬದಿಯಿಂದ ಪ್ರಭಾಕರ್ ಸರ್ ಕೈ ಮೇಲೆ ಹೋಯಿತು. ಮತ್ತೆ ಯಾರದೂ ಇಲ್ಲ.

"ಆಯ್ತು," ಎಂದರು ಟೀಚರ್. "ಕೆಲಸದಿಂದ ತೆಗೀರಿ. ನನ್ನ ಮನೆಯಲ್ಲಿ ಯಾರಿರಬೇಕು ಅಂತ ಹೇಳ್ಲಿಕ್ಕೆ ನಿಮ್ಮ ಬಹುಮತ ಸಾಕಾಗುದಿಲ್ಲ." ಎಲ್ಲರೂ ನೋಡುತ್ತಿದ್ದಂತೆಯೇ ಗೇಟಿನತ್ತ ಹೋಗಿ, ಒಟಿಯೆನೊನ ತೋಳು ಹಿಡಿದು ತಮ್ಮ ಮನೆಯೊಳಗೆ ಕರೆದೊಯ್ದರು. ಅವನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕರೆತಂದದ್ದು ಪ್ರಭಾಕರ್ ಸರ್.

ಗುಂಪು ಬಂದೇಬಂತು. ಜನವರಿಯ ಒಂದು ಮಧ್ಯಾಹ್ನ, ದೊಣ್ಣೆ, ಮಚ್ಚು ಹಿಡಿದ ಹುಡುಗರು. ಹೊಸ ಕಾವಲುಗಾರ ಓಡಿಹೋದ. ಟೀಚರ್ ಮನೆಯ ಮೆಟ್ಟಿಲಿಳಿದು ಸೀದಾ ಗೇಟಿಗೆ ನಡೆದರು. ಪ್ರಭಾಕರ್ ಸರ್ ಅವರ ಪಕ್ಕದಲ್ಲಿ, ನಾನು ಹಿಂದೆ.

"ನಿನ್ನ ಮನೆಯಲ್ಲಿ ಯಾರಿದ್ದಾರೆ?" ಎಂದು ಒಬ್ಬ ಸ್ವಾಹಿಲಿಯಲ್ಲಿ ಗದರಿದ.

"ವಾಟು ವಾಂಗು," ಎಂದರು ಟೀಚರ್. ನನ್ನ ಜನ ಎಂದರ್ಥ.

ಅವನು ಗೇಟನ್ನು ಹಿಡಿದು ಅಲುಗಾಡಿಸಿದ. ಟೀಚರ್ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಕ್ಲಾಸಿನಲ್ಲಿ ಗಲಾಟೆ ನಿಲ್ಲಲೆಂದು ಕಾಯುವವರ ಹಾಗೆ ಅವನನ್ನೇ ನೋಡುತ್ತಾ ನಿಂತರು. ಕೊನೆಗೆ ಅವನು ಏನೋ ಉಗುಳಿದಂತೆ ಹೇಳಿ ತಿರುಗಿದ. ಉಳಿದವರೂ ಅವನ ಹಿಂದೆ ಹೋದರು. ಗುಂಪು ಮರೆಯಾದ ಮೇಲೆ ಟೀಚರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಸುಮಾ, ಸ್ವಲ್ಪ ನೀರು ತಾ," ಎಂದರು. ಪ್ರಭಾಕರ್ ಸರ್ ಕೂಡ ಪಕ್ಕದಲ್ಲೇ ಕೂತರು. ಆನೆ ಮತ್ತು ಕತ್ತೆ ಒಂದೇ ಲೋಟದಲ್ಲಿ ನೀರು ಕುಡಿದದ್ದನ್ನು ನಾನು ನೋಡಿದ್ದೇನೆ.

ಊರು ತಣ್ಣಗಾದ ಮೇಲೆ ಸಂಘ ಒಟಿಯೆನೊನನ್ನು ವಾಪಸು ಕೆಲಸಕ್ಕೆ ತೆಗೆದುಕೊಂಡಿತು. ಅದೇ ವರ್ಷ, ಎರಡು ಸಾವಿರದ ಎಂಟರಲ್ಲಿ, ಅಮೆರಿಕದಲ್ಲಿ ಕೆನ್ಯಾದವನೊಬ್ಬನ ಮಗ ಕತ್ತೆಯ ಅಭ್ಯರ್ಥಿಯಾದ. ಅದೂ ಒಟಿಯೆನೊನ ಸಮುದಾಯದವನ ಮಗ. ನೈರೋಬಿಗೆ ಹುಚ್ಚು ಹಿಡಿಯಿತು. ಮಟಾಟುಗಳ ಮೇಲೆಲ್ಲ ಅವನದೇ ಚಿತ್ರ. ಈ ಸಲವಾದರೂ ಟೀಚರ್ ಪಕ್ಷ ಬದಲಿಸುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಒಟಿಯೆನೊ ಅಂತೂ ದಿನಾ ಕೇಳುತ್ತಿದ್ದ, "ಮಾಮಾ, ನಮ್ಮ ಹುಡುಗನ ಕಡೆ ತಾನೆ?"

"ಅಲ್ಲಪ್ಪ. ನನ್ನವ ಆ ಮುದುಕ, ಹಳೇ ಸೈನಿಕ."

ಪ್ರಭಾಕರ್ ಸರ್‌ಗೆ ರೇಗಿತು. "ಇದೇನು ಹಟ ಟೀಚರ್? ಇವನು ನಮ್ಮವನು!"

ಟೀಚರ್ ಎದ್ದು ನಿಂತರು. ದನಿ ಮಾತ್ರ ಮೆಲ್ಲಗಿತ್ತು. "ಒಳ್ಳೆಯವ ಅಂತ ಹೇಳಿ, ಕೇಳ್ತೇನೆ. ಬುದ್ಧಿವಂತ ಅಂತ ಹೇಳಿ, ಒಪ್ತೇನೆ. ನಮ್ಮವ ಅಂತ ಮಾತ್ರ ಹೇಳ್ಬೇಡಿ ಪ್ರೊಫೆಸರೇ. ಜನವರಿಯಲ್ಲಿ ಗೇಟಿಗೆ ಬಂದವರೂ ಅದನ್ನೇ ಹೇಳಿದ್ದು."



ಫಲಿತಾಂಶ ಬಂದದ್ದು ನಮಗೆ ಬೆಳಿಗ್ಗೆ. ಟೀಚರ್ ಮನೆಯ ಟಿವಿ ಮುಂದೆ ಕಾಂಪೌಂಡೆಲ್ಲ ಸೇರಿತ್ತು. ಕೆನ್ಯಾದವನ ಮಗ ಗೆದ್ದ. ಒಟಿಯೆನೊ ಕುಣಿದ, ಹೊರಗೆ ಹಾರನ್ನುಗಳು ಮೊಳಗಿದವು. ಟೀಚರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸೋತ ಮುದುಕ ಮಾತಾಡುತ್ತಿದ್ದ. ಗೆದ್ದವನನ್ನು ಅಭಿನಂದಿಸಿದಾಗ ಅವನದೇ ಬೆಂಬಲಿಗರು ಕೂಗಾಡಿದರು. ಮುದುಕ ಕೈ ಮುಂದೆ ಚಾಚಿ ಅವರನ್ನು ತಡೆದ. ಟೀಚರ್ ಕಣ್ಣು ತುಂಬಿತ್ತು.

"ನೋಡಿದಿರಾ? ನನ್ನವ ಸೋತ. ಸೋಲ್ಲಿಕ್ಕೆ ಗೊತ್ತಿರುವವ! ಇಂಥ ಒಬ್ಬ ಇಲ್ಲಿ ಇದ್ದಿದ್ರೆ ಜನವರಿಯಲ್ಲಿ ಎಷ್ಟು ಮನೆ ಉಳೀತಿತ್ತು." ಆಮೇಲೆ ಒಟಿಯೆನೊನ ಕೈ ಕುಲುಕಿ, "ಹೊಂಗೆರಾ," ಎಂದು ಅಭಿನಂದಿಸಿ ಅಡುಗೆಮನೆಗೆ ಹೋದರು. ಎಲ್ಲರಿಗೂ ಆಗುವಷ್ಟು ಶಿರಾ ಮಾಡಿಟ್ಟಿದ್ದರು. ಗೆಲುವಿನ ಸಂತೋಷ ಹಂಚಲು ತನ್ನವನೇ ಗೆಲ್ಲಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ಮರುವರ್ಷ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ನಮ್ಮ ಆಸ್ಪತ್ರೆಯಲ್ಲೇ ಇದ್ದರು. ಪ್ರಭಾಕರ್ ಸರ್ ದಿನಾ ಬಂದು ಮಂಚದ ಪಕ್ಕ ಕೂತು ಜಗಳ ತೆಗೆಯುತ್ತಿದ್ದರು. ಒಂದು ಸಂಜೆ ಸಂಘದ ಅಧ್ಯಕ್ಷರು ಬಂದರು. ಯಾರನ್ನೂ ಸಮುದಾಯ ನೋಡಿ ಕೆಲಸದಿಂದ ತೆಗೆಯಬಾರದೆಂದು ಸಂಘ ನಿಯಮ ಮಾಡಿಕೊಂಡಿದೆ ಎಂದು ಹೇಳಲು ಬಂದಿದ್ದರು. "ಎಲ್ಲರೂ ಒಪ್ಪಿದರು ಮಾಮಾ. ಒಂದೂ ವಿರೋಧ ಇಲ್ಲ."

"ಒಂದೂ ಇಲ್ವಾ?" ಟೀಚರ್ ಹುಬ್ಬೇರಿಸಿದರು. "ನಾನು ಇಲ್ಲದಿದ್ರೆ ನೀವೆಲ್ಲ ಕೆಟ್ಟೇಹೋಗ್ತೀರಿ." ಅಧ್ಯಕ್ಷರು ನಗುತ್ತಾ ಅವರ ಕೈಯನ್ನು ಹಣೆಗೆ ಒತ್ತಿಕೊಂಡರು. ಎರಡು ವಾರಕ್ಕೆ ಟೀಚರ್ ಹೋಗಿಬಿಟ್ಟರು.

ಮಣ್ಣಿಗೆ ಬಂದ ಜನರನ್ನು ನೋಡಿ ನನಗೇ ಬೆರಗಾಯಿತು. ವಕೀಲೆಯರು, ಡಾಕ್ಟರುಗಳು, ಗಿಗಿರಿಯ ವಿಶ್ವಸಂಸ್ಥೆ ಕಚೇರಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಎಲ್ಲ ಸಮುದಾಯದ ಹೆಂಗಸರು, ಹಳೆಯ ವಿದ್ಯಾರ್ಥಿನಿಯರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಟಿಯೆನೊ ಇದ್ದ, ಪ್ರಭಾಕರ್ ಸರ್ ಇದ್ದರು, ಅಧ್ಯಕ್ಷರೂ ಇದ್ದರು. ಅಳು ಬರುತ್ತಿದ್ದರೂ ನನ್ನ ತಲೆ ಬಾಗಿರಲಿಲ್ಲ.

ಪಕ್ಕದಲ್ಲಿದ್ದ ನರೆಗೂದಲಿನ ಕೆನ್ಯಾದ ಹೆಂಗಸೊಬ್ಬರು ಕಣ್ಣೊರೆಸಿಕೊಂಡು ಕೇಳಿದರು, "ನಾನು ಎಪ್ಪತ್ತೆಂಟರ ಬ್ಯಾಚು. ನೀವೂ ಅವರ ವಿದ್ಯಾರ್ಥಿನಿಯಾ? ಯಾವ ಬ್ಯಾಚು?"

"ಎರಡು ಸಾವಿರದ ಎಂಟು," ಎಂದೆ.