ಬೇಸ್‌ಮೆಂಟಿನಲ್ಲಿ ಗಂಧದ ವಾಸನೆ

"ಇಲ್ಲಿ ಯಾರು ಊದುಬತ್ತಿ ಹಚ್ಚಿದ್ದು?" ಎನ್ನುತ್ತ, ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಅಮೆರಿಕದ ಕ್ಯಾಂಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿದು ಬಂದರು. ನಾನೂ ಗೆಳೆಯರೂ ಗ್ಲಾಸುಗಳನ್ನು ಸೋಫಾ ಹಿಂದೆ ತಳ್ಳಿ, ಟಿವಿಯನ್ನು ಭಕ್ತಿಯಿಂದ ನೋಡುತ್ತ ಕುಳಿತೆವು.

ಗ್ಲಾಸಿನಲ್ಲಿದ್ದದ್ದು ಗೆಳೆಯ ಪ್ರಸನ್ನ ತಂದಿದ್ದ ಹದಿನೆಂಟು ವರ್ಷದ ಜಪಾನಿ ವಿಸ್ಕಿ. ಜಪಾನಿನದೇ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ಅದಕ್ಕೆ ಶ್ರೀಗಂಧದ ಪರಿಮಳ ಹತ್ತಿದೆಯೆಂದು ಅವನು ಆಗಷ್ಟೇ ಉಪನ್ಯಾಸ ಮುಗಿಸಿದ್ದ. ನಮಗೆ ಬಂದದ್ದು ಬರೀ ಸ್ಪಿರಿಟ್ ವಾಸನೆ, ಹಾಗೆಂದು ನಕ್ಕಿದ್ದೆವು.

ಆ ಅವಮಾನ ಇನ್ನೂ ಆರದ ಪ್ರಸನ್ನನಿಗೆ ತಡೆಯಲಾಗಲಿಲ್ಲ. ಸೋಫಾ ಹಿಂದಿನಿಂದ ಗ್ಲಾಸೆತ್ತಿ, "ಆಂಟಿ, ನಿಮಗೆ ಗಂಧ ಬಂತು ತಾನೆ? ಇವರಿಗೆ ಸ್ವಲ್ಪ ಹೇಳಿ" ಎಂದು ಅವರ ಮೂಗಿಗೇ ಹಿಡಿದ. ನಾನು ಟಿವಿಯ ಸದ್ದು ಜೋರು ಮಾಡಿದೆ.

ಅತ್ತೆ ಕಣ್ಣು ಮುಚ್ಚಿ ಮೂಸಿದರು. "ಹೂಂ, ಗಂಧಾನೇ. ಇಂಥಾ ಒಳ್ಳೆ ಪರಿಮಳಾನ ಯಾಕಪ್ಪ ಕುಡಿದು ಹಾಳು ಮಾಡ್ತೀರ?" ಎಂದು ಕೇಳಿ, ಊಟಕ್ಕೆ ಕರೆದು ಮೇಲೆ ಹೋದರು.

ಅತ್ತೆ ಊರಿಗೆ ಮರಳಿದ್ದಾರೆ. ಅವರ ಅಪ್ಪಣೆಯಂತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ಊದುಬತ್ತಿ ಹಚ್ಚುತ್ತೇನೆ. ಹೊಗೆ ಎದ್ದ ಕೂಡಲೇ ಬಾಯಲ್ಲಿ ನೀರೂರುತ್ತದೆ.